ಕಲ್ಪನೆಯ ಸಹವಾಸದೋಷ

ನಾಗರಬಾವಿಯ ನಮ್ಮ ಅಡ್ಡರಸ್ತೆಯಲ್ಲಿ ಹೊಂಗೆಮರದ ಕೆಳಗೆ ತಳ್ಳುಗಾಡಿಯಲ್ಲಿ ಬಟ್ಟೆಗೆ ಇಸ್ತ್ರಿ ಮಾಡುವ ಹೆಣ್ಣುಮಗಳೊಬ್ಬರಿದ್ದಾರೆ. ಅವರ ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಳೆ. ಸರ್ಕಾರಿ ಹುದ್ದೆಯ ಸ್ಪರ್ಧಾತ್ಮಕ ಪರೀಕ್ಷೆ ಬರೆಯಬೇಕೆಂಬ ಹಂಬಲದಿಂದ ಭಾನುವಾರ ಬೆಳಿಗ್ಗೆ ಒಂದು ಗಂಟೆ ಕಾಲ ನನ್ನಲ್ಲಿಗೆ ಇಂಗ್ಲಿಷ್ ಪ್ರಬಂಧ ರಚನೆ ಕಲಿಯಲು ಬರುತ್ತಾಳೆ. ನಿವೃತ್ತನಾದವನಿಗೆ ಇದೊಂದು ಅನುಕೂಲ. ತಿದ್ದುವುದಕ್ಕೆ ಏನಾದರೂ ಸಿಗುತ್ತದೆ. ಕಳೆದ ತಿಂಗಳು 'ನನ್ನ ತಾಯಿ' ಎಂಬ ವಿಷಯ ಕೊಟ್ಟಿದ್ದೆ. ಮೂರನೆಯ ವಾಕ್ಯಕ್ಕೆ ಬರುತ್ತಿದ್ದಂತೆ ನನ್ನ ಕೆಂಪುಶಾಯಿಯ ಲೇಖನಿ ನಿಂತಿತು. 'ಮೈ ಮದರ್ ಈಸ್ ಡೂಯಿಂಗ್ ಬಿಗ್ ಇಮ್ಯಾಜಿನೇಷನ್ ಅಬೌಟ್ ಮೈ ಫ್ಯೂಚರ್' ಎಂದು ಬರೆದಿದ್ದಳು.

ವ್ಯಾಕರಣದ ದೃಷ್ಟಿಯಿಂದ ಈ ವಾಕ್ಯದಲ್ಲಿ ಬೆರಳಿಟ್ಟು ತೋರಿಸಬಹುದಾದ ತಪ್ಪು ಕಡಿಮೆ. ಕರ್ತೃವಿದೆ, ಕ್ರಿಯಾಪದವಿದೆ, ಕಾಲ ಸರಿಯಾಗಿದೆ. ಪ್ರತಿಯೊಂದು ಪದದ ಅರ್ಥವನ್ನೂ ನಿಘಂಟಿನಲ್ಲಿ ನೋಡಿ ತಾಳೆ ಹಾಕಬಹುದು. ಆದರೂ ಇಂಗ್ಲಿಷ್ ಚೆನ್ನಾಗಿ ಬಲ್ಲ ಯಾರೂ ಹಾಗೆ ಹೇಳುವುದಿಲ್ಲ. 'ಹಾಗೆ ಹೇಳುವುದಿಲ್ಲಮ್ಮ' ಎಂದೆ. 'ಯಾಕೆ ಸರ್?' ಎಂದಳು. ಮೂರು ದಶಕಕ್ಕೂ ಹೆಚ್ಚು ಕಾಲ ಕಡತಗಳ ಮೇಲೆ ಟಿಪ್ಪಣಿ ಬರೆದವನಿಗೆ ಆ ಎರಡಕ್ಷರದ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. 'ಅದು ರೂಢಿ' ಎಂದು ಹೇಳಿ ಆ ಹೊತ್ತಿಗೆ ತಪ್ಪಿಸಿಕೊಂಡೆ. ಅವಳು ಹೋದ ಮೇಲೆ ಆ ಪ್ರಶ್ನೆ ಮಾತ್ರ ಹೋಗಲಿಲ್ಲ. ಅದಕ್ಕೆ ಹಳೆಯ ಕಾರಣವೂ ಇತ್ತು.

ಎಂಬತ್ತರ ದಶಕದ ಮಾತು. ಅರ್ಥಶಾಸ್ತ್ರದ ಎಂ.ಎ. ಮುಗಿಸಿ, ಜೀವನದ ಮೊದಲ ದೊಡ್ಡ ಸಂದರ್ಶನಕ್ಕೆ ಹೋಗಿದ್ದೆ. ಪಾವಗಡದ ಕಡೆಯಿಂದ ಬಂದವನು ನಾನು; ಇಂಗ್ಲಿಷನ್ನು ಪುಸ್ತಕದಲ್ಲಿ ಓದಿದ್ದೆನೇ ಹೊರತು ಬಾಯಲ್ಲಿ ಆಡಿದ್ದು ಕಡಿಮೆ. ಮಂಡಳಿಯ ಸದಸ್ಯರೊಬ್ಬರು, ನೀವು ಒಂದು ಉಪವಿಭಾಗದ ಅಧಿಕಾರಿಯೆಂದೂ ಅಲ್ಲಿ ಸತತ ಮೂರನೆಯ ವರ್ಷ ಮಳೆ ಕೈಕೊಟ್ಟಿದೆಯೆಂದೂ ಊಹಿಸಿಕೊಳ್ಳಿ, ಆ ಚಿತ್ರವನ್ನು ವಿವರಿಸಿ ಎಂದರು. ಬರವನ್ನು ನಾನು ಊಹಿಸಿಕೊಳ್ಳಬೇಕಾಗಿರಲಿಲ್ಲ. ಬತ್ತಿದ ಬಾವಿಯ ತಳದಲ್ಲಿ ಕೂತು ಚಿಪ್ಪಿನಿಂದ ನೀರು ಮೊಗೆದು ಬಿಂದಿಗೆ ತುಂಬಿಸಿದ್ದವನು ನಾನು. ಅದನ್ನೇ ಹೇಳಹೊರಟು, 'ಐ ನೀಡ್ ನಾಟ್ ಡೂ ಮಚ್ ಇಮ್ಯಾಜಿನೇಷನ್, ಸರ್' ಎಂದೆ. ಸದಸ್ಯರು ಪಕ್ಕದವರತ್ತ ವಾಲಿ, ನನಗೂ ಕೇಳಿಸುವಂತೆ, 'ಹಿ ಲ್ಯಾಕ್ಸ್ ಇಮ್ಯಾಜಿನೇಷನ್' ಎಂದರು. ಇಬ್ಬರೂ ನಕ್ಕರು. ಆ ವರ್ಷ ನನಗೆ ಹುದ್ದೆ ದೊರೆಯಲಿಲ್ಲ. ಅದಕ್ಕೆ ಆ ಒಂದು ವಾಕ್ಯವೇ ಕಾರಣವೆಂದು ಹೇಳಲಾರೆ. ಆದರೆ 'ಇಮ್ಯಾಜಿನೇಷನ್' ಎಂಬ ಪದದೊಡನೆ 'ಡೂ' ಸೇರುವುದಿಲ್ಲ, 'ಲ್ಯಾಕ್' ಸೇರುತ್ತದೆ ಎಂಬುದನ್ನು ಅಂದು ಕಲಿತೆ. ನಲವತ್ತು ವರ್ಷಗಳ ನಂತರ ಅದೇ 'ಡೂ' ಇಸ್ತ್ರಿ ಗಾಡಿಯ ಮನೆಯಿಂದ ನೋಟ್‌ಪುಸ್ತಕದಲ್ಲಿ ಎದ್ದು ಬಂದಿತ್ತು.

ಪದಗಳಿಗೂ ಸಹವಾಸವಿರುತ್ತದೆ. ಕೆಲವು ಪದಗಳು ಕೆಲವರ ಜೊತೆಯಲ್ಲಿ ಮಾತ್ರ ಓಡಾಡುತ್ತವೆ. ಬೇರೆಯವರು ಅರ್ಥದಲ್ಲಿ ಎಷ್ಟೇ ಹತ್ತಿರದ ನೆಂಟರಾಗಿದ್ದರೂ ಪಂಕ್ತಿಗೆ ಸೇರಿಸುವುದಿಲ್ಲ. ಕನ್ನಡದಲ್ಲಿ ಜಂಬವನ್ನು ಕೊಚ್ಚುತ್ತೇವೆ, ಹರಟೆಯನ್ನು ಹೊಡೆಯುತ್ತೇವೆ, ಬಿಸಿಲು ಕಾಯುತ್ತೇವೆ, ನಿದ್ದೆ ಹೋಗುತ್ತೇವೆ. ಜಂಬವೇನು ಸೊಪ್ಪೇ, ಕೊಚ್ಚುವುದಕ್ಕೆ ಎಂದು ಯಾವ ಕನ್ನಡದ ಮಗುವೂ ಕೇಳುವುದಿಲ್ಲ. ಕನ್ನಡ ಕಲಿಯಲು ಬಂದ ಪರಭಾಷಿಕರು ಕೇಳಿಯೇ ಕೇಳುತ್ತಾರೆ. ನಮ್ಮ ವೈಯಾಕರಣರಿಗೆ ಈ ಸಹವಾಸದ ಪ್ರಶ್ನೆ ಹೊಸದಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಸಂಸ್ಕೃತ ಪದವೂ ಕನ್ನಡ ಪದವೂ ಸಮಾಸವಾಗಿ ಕೂಡಿದರೆ ಅದು ಅರಿಸಮಾಸ, ಅಂದರೆ ಶತ್ರುಗಳ ಕೂಟ ಎಂದು ವಿಧಿಸಿದ, ಕೆಲವು ವಿನಾಯಿತಿಗಳನ್ನೂ ಕೊಟ್ಟ. ಇಂಗ್ಲಿಷಿನಲ್ಲಿ ಈ ವಿಚಾರವನ್ನು ಕಲಿಯುವವರ ದೃಷ್ಟಿಯಿಂದ ಗಂಭೀರವಾಗಿ ಕೈಗೆತ್ತಿಕೊಂಡದ್ದು ಲಂಡನ್ನಿನಲ್ಲಲ್ಲ, ಟೋಕಿಯೋದಲ್ಲಿ ಎಂಬುದು ಕುತೂಹಲಕರ ಸಂಗತಿ. ಜಪಾನಿನ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಬಗೆಯನ್ನು ಶೋಧಿಸುತ್ತಿದ್ದ ಹೆರಾಲ್ಡ್ ಪಾಮರ್ 1933ರಲ್ಲಿ ಇಂಥ ಪದಕೂಟಗಳ ಕುರಿತು ವರದಿಯೊಂದನ್ನು ಅಲ್ಲಿಂದ ಪ್ರಕಟಿಸಿದರು. ಅವರ ಸಂಗಡಿಗ ಎ.ಎಸ್. ಹಾರ್ನ್‌ಬಿ ಮತ್ತಿಬ್ಬರೊಡನೆ ಸಿದ್ಧಪಡಿಸಿದ ನಿಘಂಟು 1942ರಲ್ಲಿ ಜಪಾನಿನಲ್ಲೇ ಅಚ್ಚಾಯಿತು; 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಮರುಮುದ್ರಿಸಿತು. ನಮ್ಮ ತಲೆಮಾರಿನ ಕಾಲೇಜು ವಿದ್ಯಾರ್ಥಿಗಳ ಕೈಯಲ್ಲಿದ್ದ ನೀಲಿ ಹೊದಿಕೆಯ ದಪ್ಪ ನಿಘಂಟು ಅದರ ಸಂತಾನವೇ. ಪದದ ಅರ್ಥವನ್ನು ಅದರ ಒಡನಾಡಿಗಳಿಂದಲೇ ತಿಳಿಯಬೇಕೆಂದು ಪ್ರತಿಪಾದಿಸಿದ ಭಾಷಾವಿಜ್ಞಾನಿ ಜೆ.ಆರ್. ಫರ್ತ್ ಕೂಡ 1920ರ ದಶಕದಲ್ಲಿ ಲಾಹೋರಿನಲ್ಲಿ ಪಾಠ ಹೇಳಿದ್ದವರು. ತಾಯ್ನುಡಿಯಾಗಿ ಆಡುವವರ ಕಣ್ಣಿಗೆ ಬೀಳದ್ದು ಹೊರಗಿನಿಂದ ಬಂದು ಕಲಿಯುವವರ ನಡುವೆ ಬದುಕಿದಾಗ ಕಾಣುತ್ತದೆ.

ಮರುವಾರ ನಾವಿಬ್ಬರೂ ಕೂತು 'ಇಮ್ಯಾಜಿನೇಷನ್' ಎಂಬ ಪದದ ಒಡನಾಡಿಗಳನ್ನು ಪಟ್ಟಿ ಮಾಡಿದೆವು. ಪಟ್ಟಿ ಬೆಳೆದಂತೆ ಇಂಗ್ಲಿಷ್ ಜನ ತಮ್ಮ ಕಲ್ಪನಾಶಕ್ತಿಯನ್ನು ಏನೆಂದು ತಿಳಿದಿದ್ದಾರೆ ಎಂಬುದೂ ಹೊರಬಿತ್ತು. ಮೊದಲನೆಯದಾಗಿ ಅದು ಕುದುರೆ. ಅದಕ್ಕೆ ಲಗಾಮು ಸಡಿಲಬಿಡುತ್ತಾರೆ, ಅದು 'ರನ್ಸ್ ವೈಲ್ಡ್' ಎಂಬಂತೆ ಹುಚ್ಚೆದ್ದು ಓಡುತ್ತದೆ, ಕೆಲವೊಮ್ಮೆ ಸವಾರನನ್ನೇ ಹೊತ್ತುಕೊಂಡು ಹೋಗುತ್ತದೆ. ಇನ್ನೊಮ್ಮೆ ಅದು ಕೋಟೆ. ಒಳ್ಳೆಯ ಪುಸ್ತಕ ಅದನ್ನು 'ಕ್ಯಾಪ್ಚರ್' ಮಾಡುತ್ತದೆ. ಮತ್ತೊಮ್ಮೆ ಒಣಹುಲ್ಲು, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಒಮ್ಮೊಮ್ಮೆ ರಬ್ಬರು, ಎಷ್ಟೇ ಎಳೆದರೂ ಅಲ್ಲಿಗೆ ಮುಟ್ಟದು ಎನ್ನುವಾಗ 'ಬೈ ನೋ ಸ್ಟ್ರೆಚ್ ಆಫ್ ಇಮ್ಯಾಜಿನೇಷನ್' ಎನ್ನುತ್ತಾರೆ. ನಮ್ಮ ವಕೀಲರಿಗೂ ನ್ಯಾಯಮೂರ್ತಿಗಳಿಗೂ ಬಹು ಪ್ರಿಯವಾದ ನುಡಿ ಇದು. ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯ ಮಕ್ಕಳು ಬಸ್ ನಿಲ್ದಾಣದಲ್ಲಿ ಜಗಳವಾಡುವಾಗಲೂ ಇದನ್ನು ಬಳಸಿದ್ದನ್ನು ಕೇಳಿದ್ದೇನೆ.

ಒಡನಾಡಿಗಳಲ್ಲಿ ಅತ್ಯಂತ ಸ್ವಾರಸ್ಯಕರವಾದುದು 'ಫಿಗ್ಮೆಂಟ್'. ಈ ಪದ ಇಂದಿನ ಇಂಗ್ಲಿಷಿನಲ್ಲಿ ಒಂಟಿಯಾಗಿ ಕಾಣಸಿಗುವುದು ಅಪರೂಪ. ಒಂದೇ ಮನೆಯಲ್ಲಿ ಮೂರು ತಲೆಮಾರು ಕಳೆದ ಹಳೆಯ ಆಳಿನಂತೆ, 'ಇಮ್ಯಾಜಿನೇಷನ್' ಇದ್ದಲ್ಲಿ ಮಾತ್ರ ಇರುತ್ತದೆ. ಅದರ ಮೂಲ ಮಣ್ಣನ್ನು ನಾದಿ ಆಕಾರ ಕೊಡುವ ಅರ್ಥದ ಲ್ಯಾಟಿನ್ ಧಾತು. 'ಫಿಕ್ಷನ್' ಕೂಡ ಅದೇ ಕುಟುಂಬದ್ದು. ಕುಂಬಾರನ ಮನೆಯಲ್ಲಿ ಹುಟ್ಟಿದ ಪದ ಈಗ ಸುಳ್ಳುಸಾಕ್ಷಿಯನ್ನು ತಳ್ಳಿಹಾಕುವ ಕೆಲಸಕ್ಕೆ ಸೇರಿಕೊಂಡಿದೆ. 'ವಿವಿಡ್' ಎಂಬುದರ ಮೂಲದಲ್ಲಿ ಜೀವವಿದೆ, ಆದ್ದರಿಂದ ಅದು ಹೊಗಳಿಕೆ. ಆದರೆ ಮಗುವಿಗೆ 'ಓವರ್‌ಆ್ಯಕ್ಟಿವ್ ಇಮ್ಯಾಜಿನೇಷನ್' ಇದೆ ಎಂದು ಶಾಲೆಯಿಂದ ಚೀಟಿ ಬಂದರೆ, ಹುಡುಗ ಸುಳ್ಳು ಹೇಳುತ್ತಾನೆ ಎಂದು ತಿಳಿಯಬೇಕು. ಇವೆಲ್ಲವನ್ನೂ ತರ್ಕದಿಂದ ಕಂಡುಹಿಡಿಯಲಾಗದು. ಜೋಡಿಯಾಗಿಯೇ ಕಲಿಯಬೇಕು, ಮಗ್ಗಿಯ ಹಾಗೆ.

'ಫ್ಯಾನ್ಸಿ' ಎಂಬುದನ್ನು ಅವಳೇ ಪಟ್ಟಿಗೆ ಸೇರಿಸಿದಳು, ಅನುಮಾನದಿಂದ. ಅವಳಿಗೆ ಗೊತ್ತಿದ್ದದ್ದು ಬಳೆ, ರಿಬ್ಬನ್, ಹಣೆಬೊಟ್ಟು ಮಾರುವ ಫ್ಯಾನ್ಸಿ ಸ್ಟೋರ್. ಹೆಚ್ಚೆಂದರೆ ಸಾರಿಗೆ ಇಲಾಖೆ ಹರಾಜು ಹಾಕುವ ಫ್ಯಾನ್ಸಿ ನಂಬರ್. 'ಫ್ಯಾಂಟಸಿ'ಯ ಮೊಟಕು ರೂಪವಾದ ಈ ಪದದಿಂದ 'ಇಮ್ಯಾಜಿನೇಷನ್' ಅನ್ನು ಬೇರ್ಪಡಿಸಲು ಕವಿ ಕೋಲ್‌ರಿಜ್ 1817ರಲ್ಲಿ ತನ್ನ 'ಬಯಾಗ್ರಫಿಯ ಲಿಟರೇರಿಯ'ದಲ್ಲಿ ಎಷ್ಟು ಹೆಣಗಿದ ಎಂಬುದನ್ನು ಅವಳಿಗೆ ಹೇಳಲು ಹೋಗಲಿಲ್ಲ. ಇದ್ದದ್ದನ್ನು ಜೋಡಿಸಿಡುವುದು ಫ್ಯಾನ್ಸಿ, ಇಲ್ಲದ್ದನ್ನು ಸೃಷ್ಟಿಸುವುದು ಇಮ್ಯಾಜಿನೇಷನ್ ಎಂಬುದು ಸ್ಥೂಲವಾಗಿ ಆತನ ತೀರ್ಮಾನ. ಆ ಲೆಕ್ಕಕ್ಕೆ ನಮ್ಮ ಬೀದಿಯ ಅಂಗಡಿಯ ಹೆಸರು ಸರಿಯಾಗಿಯೇ ಇದೆ.

ಕಲ್ಪನಾಶಕ್ತಿಯ ಕೊರತೆ ಎಂದೊಡನೆ ಬೊಟ್ಟುಮಾಡುವುದು ಅಧಿಕಾರಿವರ್ಗದತ್ತ. ಅದು ನಮ್ಮ ದೇಶದ ಆರೋಪ ಮಾತ್ರವಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯನ್ನು ಕುರಿತು ವಿಚಾರಣೆ ನಡೆಸಿದ ಅಮೆರಿಕದ ಆಯೋಗ 2004ರ ವರದಿಯಲ್ಲಿ ಸರ್ಕಾರದ ನಾಲ್ಕು ಬಗೆಯ ವೈಫಲ್ಯಗಳನ್ನು ಗುರುತಿಸಿತು. ಅವುಗಳಲ್ಲಿ ಮೊದಲನೆಯದು ಕಲ್ಪನೆಯ ವೈಫಲ್ಯ. ಕಲ್ಪಿಸುವುದನ್ನು ಆಡಳಿತದ ದಿನನಿತ್ಯದ ಕೆಲಸವಾಗಿಸುವ ದಾರಿ ಹುಡುಕಬೇಕೆಂದೂ ಅದು ಹೇಳಿತು. ಇದನ್ನು ಓದಿದಾಗ ನನಗೆ ನಗು ಬಂತು. ನಮ್ಮ ಕಚೇರಿಗಳಲ್ಲಿ ಅದು ಎಂದೋ ಆಗಿದೆ.

ಸರ್ಕಾರಿ ಕನ್ನಡವನ್ನು ಗಮನಿಸಿ. 'ಬಡಾವಣೆಗೆ ಕುಡಿಯುವ ನೀರಿನ ಸೌಲಭ್ಯ ಕಲ್ಪಿಸಲಾಗಿದೆ', 'ಅರ್ಜಿದಾರರಿಗೆ ಮತ್ತೊಂದು ಅವಕಾಶ ಕಲ್ಪಿಸಲಾಗುವುದು' ಎಂಬ ವಾಕ್ಯಗಳನ್ನು ನಾನು ಸೇವಾವಧಿಯಲ್ಲಿ ಎಷ್ಟು ಸಾವಿರ ಬಾರಿ ಬರೆದಿರುವೆನೋ ತಿಳಿಯದು. ಒದಗಿಸಲಾಗಿದೆ ಎಂಬುದು ನಮ್ಮ ಅರ್ಥ. ಕಲ್ಪನೆಯಲ್ಲಿ ಮಾತ್ರ ಇದೆ ಎಂದು ನಾಗರಿಕರು ಓದಿಕೊಂಡರೆ ಅವರನ್ನು ದೂರುವಂತಿಲ್ಲ. ಹಾಗೆಯೇ ವೇತನ ನಿಗದಿಯಲ್ಲಿ 'ನೋಷನಲ್' ಎಂಬುದಕ್ಕೆ ಕನ್ನಡದಲ್ಲಿ 'ಕಾಲ್ಪನಿಕ' ಎಂಬ ಪದ ನೆಲೆಯೂರಿದೆ. ಅನುದಾನಿತ ಶಾಲಾ ಕಾಲೇಜುಗಳ ನೌಕರರು ಕಾಲ್ಪನಿಕ ವೇತನಕ್ಕಾಗಿ ಬೀದಿಗಿಳಿದು ಹೋರಾಡಿದ್ದಾರೆ. ಹಿನ್ನೆಲೆ ತಿಳಿಯದ ಮೊಮ್ಮಗ ಒಮ್ಮೆ ಪತ್ರಿಕೆಯ ಶೀರ್ಷಿಕೆ ನೋಡಿ, 'ತಾತ, ಕಾಲ್ಪನಿಕ ಸಂಬಳ ಬೇಕು ಅಂತ ಯಾಕೆ ಮುಷ್ಕರ ಮಾಡ್ತಾರೆ? ಅದು ಈಗಾಗಲೇ ಇದೆಯಲ್ಲ' ಎಂದ. ಮಾಡಿದ ಸೇವೆಯನ್ನು ಲೆಕ್ಕಕ್ಕೆ ಹಿಡಿದು, ಆಗ ಕೊಡದ ವೇತನವನ್ನು ಕೊಟ್ಟಂತೆ ಭಾವಿಸಿ ಮುಂದಿನದನ್ನು ಗೊತ್ತುಪಡಿಸುವ ಕ್ರಮ ಅದು ಎಂದು ವಿವರಿಸಲು ನನಗೆ ಕಾಲು ಗಂಟೆ ಹಿಡಿಯಿತು. ಇಲ್ಲದ್ದನ್ನು ಇದೆಯೆಂದು ಭಾವಿಸುವುದು ಕಾನೂನಿನ ಹಳೆಯ ಉಪಾಯ. ಇಂಗ್ಲಿಷಿನ 'ಡೀಮ್ಡ್' ಎಂಬ ಒಂದು ಪದದ ಬಲದಿಂದ ನಮ್ಮಲ್ಲಿ ಡೀಮ್ಡ್ ವಿಶ್ವವಿದ್ಯಾಲಯಗಳಿವೆ, ಡೀಮ್ಡ್ ಅರಣ್ಯಗಳಿವೆ. ಮಲೆನಾಡಿನಲ್ಲಿ ಒಬ್ಬ ರೈತನ ಪಾಲಿಗೆ ಜಮೀನಾಗಿರುವುದು ಕಡತದ ಪಾಲಿಗೆ ಕಾಡು. ಅಲ್ಲಿ ಕಲ್ಪನೆಗೆ ಬೇಲಿಯೂ ಇದೆ, ಮೊಕದ್ದಮೆಯೂ ಇದೆ.

ಆದರೆ ಗುಮಾಸ್ತರ ಪರವಾಗಿಯೂ ಒಂದು ಮಾತು ಹೇಳಬೇಕು. ಸಂಸ್ಕೃತದ ಮೂಲಧಾತುವಿಗೆ ಕ್ರಮಗೊಳಿಸು, ಅಳವಡಿಸು, ಅಣಿಮಾಡು ಎಂಬ ಅರ್ಥಗಳೇ ಇವೆ. ಇಂಗ್ಲಿಷಿನ ಪದದ ಬೇರು ಬಿಂಬದಲ್ಲಿ, ಅಂದರೆ ನೋಡುವುದರಲ್ಲಿದೆ. ನಮ್ಮದರ ಬೇರು ಮಾಡುವುದರಲ್ಲಿದೆ. ಸೌಲಭ್ಯ 'ಕಲ್ಪಿಸಿದ' ಗುಮಾಸ್ತ ತಿಳಿಯದೆಯೇ ಮೂಲಾರ್ಥಕ್ಕೆ ನಿಷ್ಠನಾಗಿದ್ದಾನೆ. ಸಂಕಲ್ಪ, ವಿಕಲ್ಪ, ಕಲ್ಪವೃಕ್ಷ ಎಲ್ಲವೂ ಇದೇ ಬೇರಿನ ಚಿಗುರುಗಳು. ತೆಂಗಿನ ನಾಡಾದ ನಮ್ಮ ತುಮಕೂರು ಸೀಮೆಯನ್ನು ಕಲ್ಪತರು ನಾಡು ಎನ್ನುವುದೂ ಹೀಗೆಯೇ.

'ಕನ್ನಡದಲ್ಲೂ ಹೀಗೆ ಜೋಡಿ ಇರುತ್ತಾ ಸರ್?' ಎಂದು ಅವಳು ಕೇಳಿದ್ದು ಒಳ್ಳೆಯದಾಯಿತು. ಎರಡನೆಯ ಪಟ್ಟಿಗೆ ತೊಡಗಿದೆವು. ಬರೆಯುತ್ತ ಹೋದಂತೆ ನನಗೇ ಅಚ್ಚರಿಯಾಯಿತು. ಕನ್ನಡದ ಕಲ್ಪನೆ ಕುದುರೆಯಲ್ಲ, ಗಾರೆಕೆಲಸ. ಅದರ ಬಿಡಲಾರದ ಒಡನಾಡಿ 'ಕಟ್ಟು'. ಗಾಳಿಗೋಪುರ ಕಟ್ಟುತ್ತೇವೆ, ಕನಸು ಕಟ್ಟುತ್ತೇವೆ, ಕಥೆ ಕಟ್ಟುತ್ತೇವೆ, ಪದ ಕಟ್ಟಿ ಹಾಡುತ್ತೇವೆ. ಮನೆ ಕಟ್ಟುವುದಕ್ಕೂ ಹೂ ಕಟ್ಟುವುದಕ್ಕೂ ಬ್ಯಾಂಕಿಗೆ ಕಂತು ಕಟ್ಟುವುದಕ್ಕೂ ಇರುವ ಅದೇ ಪದ. ಕಂಡದ್ದನ್ನೋ ಕೇಳಿದ್ದನ್ನೋ ಎದುರಿಗೆ ನಿಲ್ಲಿಸಿದಂತೆ ಹೇಳಿದರೆ 'ಕಣ್ಣಿಗೆ ಕಟ್ಟಿದಂತಿದೆ' ಎನ್ನುತ್ತೇವೆ. ಅಲ್ಲಿಂದ ಒಂದು ವಿಭಕ್ತಿ ಪ್ರತ್ಯಯ ಕಳಚಿದರೆ ಸಾಕು, 'ಕಣ್ಣುಕಟ್ಟು' ಎಂಬ ಮಾಯಗಾರನ ಮೋಸವಾಗುತ್ತದೆ. ಕಣ್ಣಿಗೆ ಕಟ್ಟುವುದಕ್ಕೂ ಕಣ್ಣು ಕಟ್ಟುವುದಕ್ಕೂ ನಡುವೆ ಇರುವ ಇಷ್ಟು ಕಿರಿದಾದ ಓಣಿಯಲ್ಲೇ ಸಾಹಿತ್ಯವೂ ಜಾಹೀರಾತೂ ಒಂದನ್ನೊಂದು ದಾಟಿ ಓಡಾಡುತ್ತವೆ. 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟ್ಟೆಲ್ ನಿಘಂಟನ್ನು ತೆರೆದು ಈ ಒಂದು ಕ್ರಿಯಾಪದದ ನಮೂದನ್ನು ಓದುವುದೇ ಒಂದು ಸುಖ. ಇಂಥ ಸಂದೇಹಗಳನ್ನು ದಶಕಗಳ ಕಾಲ 'ಇಗೋ ಕನ್ನಡ' ಅಂಕಣದಲ್ಲಿ ಬಗೆಹರಿಸಿದ ಜಿ. ವೆಂಕಟಸುಬ್ಬಯ್ಯನವರು 2021ರಲ್ಲಿ, ನೂರೇಳರ ವಯಸ್ಸಿನಲ್ಲಿ, ನಮ್ಮನ್ನಗಲಿದರು. ಬದುಕಿದ್ದರೆ ನನ್ನ ಈ 'ಕಟ್ಟು' ಸಿದ್ಧಾಂತವನ್ನು ಅವರಿಗೆ ಬರೆದು ಕೇಳುತ್ತಿದ್ದೆ. ಬಹುಶಃ ನಾಲ್ಕು ಅಪವಾದಗಳನ್ನು ತೋರಿಸಿ ನನ್ನನ್ನು ಸುಮ್ಮನಾಗಿಸುತ್ತಿದ್ದರು.

ಊಹೆಯ ಸಹವಾಸ ಬೇರೆ. ಅದು 'ನಿಲುಕ'ಬೇಕು, ಅಟ್ಟದ ಮೇಲಿನ ಉಪ್ಪಿನಕಾಯಿ ಜಾಡಿಯ ಹಾಗೆ, ಕೈ ಚಾಚಿದರೆ ಸಿಗುವಂತಿರಬೇಕು. 'ಬೈ ನೋ ಸ್ಟ್ರೆಚ್' ಎಂಬ ರಬ್ಬರಿನ ನುಡಿಗೆ 'ಕಲ್ಪನೆಯ ಯಾವುದೇ ವಿಸ್ತಾರದಿಂದಲೂ' ಎಂದು ಅನುವಾದಿಸುವವರು 'ಊಹೆಗೂ ನಿಲುಕದು' ಎಂಬುದು ಮನೆಯಲ್ಲೇ ಇದೆ ಎಂಬುದನ್ನು ಮರೆತಿದ್ದಾರೆ. ಇನ್ನು ನಿತ್ಯದ ಮಾತಿನಲ್ಲಿ ಜನ ಕಲ್ಪನೆಯ ಗೊಡವೆಗೂ ಊಹೆಯ ಗೊಡವೆಗೂ ಹೋಗುವುದಿಲ್ಲ, 'ಅಂದುಕೊಳ್ಳು'ತ್ತಾರೆ. ತನ್ನೊಳಗೇ ತನಗೆ ತಾನೇ ಹೇಳಿಕೊಳ್ಳುವುದು ಎಂದು ಅದರ ಅರ್ಥ. ಇಂಗ್ಲಿಷಿನವನು ಒಳಗಣ್ಣಿನಿಂದ ಕಂಡರೆ ಕನ್ನಡಿಗ ಒಳಗಿವಿಯಿಂದ ಕೇಳುತ್ತಾನೆ. ಈಚೆಗೆ ಆ ಜಾಗಕ್ಕೂ 'ಇಮ್ಯಾಜಿನ್ ಮಾಡ್ಕೊ' ಬಂದಿದೆ. ಯಾವ ಭಾಷೆಯ ಕ್ರಿಯಾಪದ ಬಂದರೂ ಬಾಲಕ್ಕೆ 'ಮಾಡು' ಅಂಟಿಸಿ ಜೀರ್ಣಿಸಿಕೊಳ್ಳುವುದು ಕನ್ನಡದ ಜಾಯಮಾನ. ಇಲ್ಲಿಗೆ ಬಂದಾಗ ನನ್ನ ಶಿಷ್ಯೆಯ 'ಡೂಯಿಂಗ್ ಇಮ್ಯಾಜಿನೇಷನ್' ಎಲ್ಲಿಂದ ಬಂತೆಂಬುದು ಹೊಳೆಯಿತು. ಇಂಗ್ಲಿಷ್ ಪದ ಕನ್ನಡಕ್ಕೆ ಬಂದು, 'ಮಾಡು'ವನ್ನು ಮದುವೆಯಾಗಿ, ಸಂಸಾರ ಸಮೇತ ಇಂಗ್ಲಿಷಿಗೆ ಹಿಂದಿರುಗಿತ್ತು. ಅವಳ 'ಯಾಕೆ ಸರ್'ಗೆ ಒಂದು ತಿಂಗಳ ನಂತರ ಉತ್ತರ ಸಿಕ್ಕಿತು. ನಲವತ್ತು ವರ್ಷಗಳ ಹಿಂದಿನ ನನ್ನ ತಪ್ಪಿಗೂ ಅದೇ ಉತ್ತರ.

ಎರಡನೆಯ ಪಟ್ಟಿಯಲ್ಲಿ ಮತ್ತೊಂದು ಸಂಗತಿ ಕಾಣಿಸಿತು. ಅದು ಅಷ್ಟು ಹಿತವಾದುದಲ್ಲ. ಮನಸ್ಸಿನಲ್ಲೇ ಮಂಡಿಗೆ ತಿನ್ನು, ಗಾಳಿಗೋಪುರ, ಹಗಲುಗನಸು, ಆಕಾಶಕ್ಕೆ ಏಣಿ ಹಾಕು, ಕೂಸು ಹುಟ್ಟುವ ಮುನ್ನ ಕುಲಾವಿ, ತಿರುಕನ ಕನಸು. ಮುಂದಾಗುವುದನ್ನು ಕಲ್ಪಿಸಿಕೊಳ್ಳುವ ಸಾಮಾನ್ಯ ಮನುಷ್ಯನ ಬಗ್ಗೆ ನಮ್ಮಲ್ಲಿರುವ ನುಡಿಗಟ್ಟುಗಳಲ್ಲಿ ಬಹುಪಾಲು ಗೇಲಿಯವು. ಮುಪ್ಪಿನ ಷಡಕ್ಷರಿಯ ಆ ಪ್ರಸಿದ್ಧ ಹಾಡಿನಲ್ಲಿ ಊರ ಮುಂದಿನ ಮುರುಕು ಛತ್ರದಲ್ಲಿ ಮಲಗಿದ ತಿರುಕ ತಾನು ರಾಜನಾದಂತೆ ಕನಸು ಕಂಡು ಕೊನೆಗೆ ಎಚ್ಚರಗೊಳ್ಳುತ್ತಾನೆ. ಕವಿಯ ಉದ್ದೇಶ ಸಂಸಾರದ ನಶ್ವರತೆಯನ್ನು ತೋರುವುದು. ರೂಢಿಯ ಬಾಯಿಗೆ ಬಿದ್ದ ಮೇಲೆ ಅದು ಬಡವನಿಗೆ ಹಾಕುವ ಮೂದಲಿಕೆಯಾಯಿತು. ಹೊಗಳಿಕೆಯ ಜೋಡಿಗಳು ಇಲ್ಲವೆಂದಲ್ಲ. ಕವಿಕಲ್ಪನೆ ಇದೆ, ರವಿ ಕಾಣದ್ದನ್ನು ಕವಿ ಕಂಡ ಎಂಬ ಗಾದೆ ಇದೆ, ಕಾವ್ಯಮೀಮಾಂಸೆಯಲ್ಲಿ ಪ್ರತಿಭೆಗೆ ರತ್ನಪೀಠವೇ ಇದೆ. ಅವೆಲ್ಲ ಕವಿಗೆ ಮೀಸಲು. ಕವಿ ಕಲ್ಪಿಸಿದರೆ ಪ್ರತಿಭೆ, ಕೂಲಿಯವನು ಕಲ್ಪಿಸಿದರೆ ಮಂಡಿಗೆ.

ನಾನು ಓದಿದ ಶಾಸ್ತ್ರ ಈ ವಿಷಯವನ್ನು ತಡವಾಗಿ ಗುರುತಿಸಿತು. ಎಲ್ಲವನ್ನೂ 'ಎಂದು ಭಾವಿಸೋಣ' ಎಂಬಲ್ಲಿಂದ ಆರಂಭಿಸುವ ಅರ್ಥಶಾಸ್ತ್ರಜ್ಞರು ಭಾವಿಸುವ ಶಕ್ತಿ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿದೆಯೇ ಎಂದು ಕೇಳಿಕೊಂಡಿದ್ದು ಕಡಿಮೆ. 2004ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ, ಹಂಬಲಿಸುವುದೂ ಒಂದು ಸಾಮರ್ಥ್ಯ, ಅದು ಉಳ್ಳವರಲ್ಲಿ ಹೆಚ್ಚು 'ಪಳಗಿರುತ್ತದೆ' ಎಂಬ ವಾದ ಮುಂದಿಟ್ಟರು. ಹೆಚ್ಚು ದಾರಿಗಳನ್ನು ಕಂಡವರು ಮತ್ತಷ್ಟು ದಾರಿಗಳನ್ನು ಊಹಿಸಬಲ್ಲರು. ಬಡವರಿಗೆ ಆ ಅಭ್ಯಾಸಕ್ಕೆ ಅವಕಾಶವೇ ವಿರಳ. ನಮ್ಮ ಮನೆಯಿಂದ ನಡೆದುಹೋಗುವಷ್ಟು ದೂರದಲ್ಲಿ, ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನೆ ಸಂಸ್ಥೆ ಇದೆ. ಅದರ ಗ್ರಂಥಾಲಯದಲ್ಲಿ ಕೂತು ಇಂಥ ಬರಹಗಳನ್ನು ಓದಿ ತಲೆದೂಗಿದ್ದೇನೆ. ಆದರೆ ಅದೇ ರಸ್ತೆಯ ತುದಿಯಲ್ಲಿ ಇಸ್ತ್ರಿಗೆ ಬಟ್ಟೆ ಕೊಡುವಾಗ ಆ ತಾಯಿ 'ನನ್ನ ಮಗಳು ಎ.ಸಿ. ಆಗ್ತಾಳೆ ಸಾರ್' ಎಂದರೆ, ನನ್ನ ಮನಸ್ಸಿಗೆ ಮೊದಲು ಬಂದದ್ದು ಗಾಳಿಗೋಪುರ ಎಂಬ ಪದವೇ. ಹಾಗೆಂದು ಒಪ್ಪಿಕೊಳ್ಳಲು ಸಂಕೋಚವಾಗುತ್ತದೆ.

ಆಡಂ ಸ್ಮಿತ್ ಎಂದರೆ ಎಲ್ಲರಿಗೂ ಮಾರುಕಟ್ಟೆಯ ಅಗೋಚರ ಹಸ್ತ ನೆನಪಾಗುತ್ತದೆ. ಆತ ಅದಕ್ಕೆ ಮುನ್ನ 1759ರಲ್ಲಿ ಬರೆದ ನೀತಿಭಾವನೆಗಳ ಗ್ರಂಥ ಶುರುವಾಗುವುದೇ ಕಲ್ಪನೆಯಿಂದ. ಇನ್ನೊಬ್ಬನ ನೋವು ನಮ್ಮ ಇಂದ್ರಿಯಗಳಿಗೆ ತಿಳಿಯದು. ಅವನ ಸ್ಥಾನದಲ್ಲಿ ನಮ್ಮನ್ನು ಇರಿಸಿಕೊಂಡು ಕಲ್ಪಿಸಿದಾಗ ಮಾತ್ರ ಅನುಕಂಪ ಸಾಧ್ಯ ಎಂಬುದು ಆತನ ನಿಲುವು. ಇಂದಿನ ಇಂಗ್ಲಿಷ್ ಇದನ್ನು ಇನ್ನೊಬ್ಬರ ಬೂಟಿನಲ್ಲಿ ಕಾಲಿಡುವುದು ಎನ್ನುತ್ತದೆ. ಕನ್ನಡಕ್ಕೆ ಇದನ್ನು ನೇರವಾಗಿ ತಂದು 'ಅವರ ಚಪ್ಪಲಿಯಲ್ಲಿ ಕಾಲಿಟ್ಟು ನೋಡಿ' ಎಂದರೆ, ಮದುವೆ ಛತ್ರದ ಬಾಗಿಲಲ್ಲಿ ಜಗಳವಾಗುತ್ತದೆ. 'ಅವರ ಜಾಗದಲ್ಲಿ ನಿಂತು ನೋಡಿ' ಎಂಬುದು ನಮ್ಮ ಮಾತು, ಸ್ಮಿತ್ ಹೇಳಿದ್ದಕ್ಕೂ ಅದೇ ಹತ್ತಿರ.

ಆ ಜಾಗದಲ್ಲಿ ನಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2024ರ ಆಗಸ್ಟ್ 27ರಂದು ಕರ್ನಾಟಕ ಲೋಕಸೇವಾ ಆಯೋಗ 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ ನಡೆಸಿದ ಪೂರ್ವಭಾವಿ ಪರೀಕ್ಷೆಯಲ್ಲಿ, ಇಂಗ್ಲಿಷಿನಿಂದ ಅನುವಾದಗೊಂಡ ಕನ್ನಡ ಪ್ರಶ್ನೆಗಳು ಅರ್ಥವಾಗದಂತಿದ್ದವೆಂದು ಅಭ್ಯರ್ಥಿಗಳು ದನಿಯೆತ್ತಿದರು. ಸರ್ಕಾರ ಮರುಪರೀಕ್ಷೆಗೆ ಸೂಚಿಸಬೇಕಾಯಿತು. ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಯಿತು. ಅದರಲ್ಲೂ ಅನುವಾದದ ದೋಷಗಳಿವೆಯೆಂಬ ದೂರು ಮತ್ತೆ ಎದ್ದಿತು. ಪದಕ್ಕೆ ಪದ ಇಟ್ಟ ವಾಕ್ಯದಲ್ಲಿ ಪ್ರತಿ ಪದವೂ ನಿಘಂಟಿನ ಪ್ರಕಾರ ಸರಿಯಾಗಿಯೇ ಇರಬಹುದು. ನನ್ನ ಶಿಷ್ಯೆಯ ವಾಕ್ಯದಲ್ಲೂ ಸರಿಯಾಗಿಯೇ ಇತ್ತು. ವ್ಯತ್ಯಾಸವಿಷ್ಟೆ: ಅವಳು ಕನ್ನಡವನ್ನು ಇಂಗ್ಲಿಷಿಗೆ ತಂದು ತಪ್ಪಿದರೆ ಅವಳ ಅಂಕ ಹೋಗುತ್ತದೆ. ಬಲ್ಲವರು ಇಂಗ್ಲಿಷನ್ನು ಕನ್ನಡಕ್ಕೆ ತಂದು ತಪ್ಪಿದರೂ ಹೋಗುವುದು ಅವಳಂಥವರ ಅಂಕವೇ. ಪರೀಕ್ಷಾ ಕೊಠಡಿಯಲ್ಲಿ ಎರಡು ಗಂಟೆಯ ಗಡುವಿನಲ್ಲಿ, ಇಂಗ್ಲಿಷ್ ಪಾಠವನ್ನು ನೋಡಿ ತಾಳೆಹಾಕಲು ತಿಳಿಯದೆ, ಆ ಕನ್ನಡವನ್ನೇ ನಂಬಿ ಕೂತ ಹುಡುಗಿಯೊಬ್ಬಳನ್ನು ಅನುವಾದಕರು ಒಂದು ಕ್ಷಣ ಕಣ್ಣಮುಂದೆ ತಂದುಕೊಂಡಿದ್ದರೆ ಸಾಕಿತ್ತು.

ಪ್ರಬಂಧಕ್ಕೆ ಹಿಂದಿರುಗುತ್ತೇನೆ. ಆ ಮೂರನೆಯ ವಾಕ್ಯವನ್ನು ತಿದ್ದುವ ಕೆಲಸ ಬಾಕಿ ಇತ್ತು. ನಾವು ಮಾಡಿದ ಪಟ್ಟಿ ಎದುರಿಗಿತ್ತು. 'ವೈಲ್ಡ್ ಇಮ್ಯಾಜಿನೇಷನ್' ಎಂದು ಬರೆದರೆ ಆ ತಾಯಿ ಹುಚ್ಚಿಯಾಗುತ್ತಾಳೆ. 'ವಿವಿಡ್' ಎಂದರೆ ಕಥೆಗಾರ್ತಿಯಾಗುತ್ತಾಳೆ. 'ಬಿಲ್ಡ್ಸ್ ಕ್ಯಾಸಲ್ಸ್ ಇನ್ ದಿ ಏರ್' ಎಂದರೆ ಇಂಗ್ಲಿಷಿನಲ್ಲೂ ನಗೆಪಾಟಲು. ಇಂಗ್ಲಿಷ್ ಸರಿಯಾಗಿದ್ದರೆ ಸಾಕೆಂದು ನಾನು ಕೂತಿದ್ದೆ. ಒಡನಾಡಿ ಪದವನ್ನು ಆರಿಸುವುದೆಂದರೆ ಆಕೆಯ ಬಗ್ಗೆ ತೀರ್ಪು ಕೊಡುವುದೇ ಎಂದು ಆಗ ಅರಿವಾಯಿತು. 'ನಿಮ್ಮಮ್ಮ ನಿಜವಾಗಿ ಏನು ಹೇಳುತ್ತಾರೆ? ಕನ್ನಡದಲ್ಲೇ ಹೇಳು' ಎಂದೆ. ಅವಳು ಸ್ವಲ್ಪ ನಾಚಿಕೊಂಡು, 'ನಾನು ಜೀಪಿನಿಂದ ಇಳಿದು ಗಾಡಿ ಹತ್ರ ಬಂದ ಹಾಗೆ ಕಣ್ಣಿಗೆ ಕಟ್ಟುತ್ತೆ ಅಂತಾಳೆ ಸರ್' ಎಂದಳು.

ಕೊನೆಗೆ 'ಇಮ್ಯಾಜಿನೇಷನ್' ಎಂಬ ನಾಮಪದವನ್ನೇ ಕೈಬಿಟ್ಟೆವು. 'ಮೈ ಮದರ್ ಆಲ್ರೆಡಿ ಪಿಕ್ಚರ್ಸ್ ಮಿ ಗೆಟಿಂಗ್ ಡೌನ್ ಫ್ರಮ್ ಎ ಜೀಪ್' ಎಂದು ಅವಳು ಬರೆದಳು. 'ಆಲ್ರೆಡಿ' ಅವಳದೇ ಸೇರ್ಪಡೆ. ಜೀಪಿನ ಕಾಲ ಮುಗಿದಿದೆ, ಈಗ ಅಧಿಕಾರಿಗಳಿಗೆ ಬೇರೆ ಕಾರುಗಳನ್ನು ಕೊಡುತ್ತಾರೆ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ.

ಅಂದು ಸಂಜೆ ಬಟ್ಟೆ ತರಲು ಹೋದಾಗ ಮಗಳು ಗಾಡಿಯ ಪಕ್ಕ ನಿಂತು, ತಿದ್ದಿದ ವಾಕ್ಯವನ್ನು ತಾಯಿಗೆ ಓದಿ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದಳು. ಆಕೆ ಇಸ್ತ್ರಿಪೆಟ್ಟಿಗೆಯ ಕೆಂಡ ಕೆದಕುತ್ತ ಪೂರ್ತಿ ಕೇಳಿಸಿಕೊಂಡರು. 'ಅದೆಲ್ಲಾ ಬರ್ಕೊಂಡು ಯಾಕೆ ಕೂತೆ, ಸಾರ್ ಪಂಚೆ ಮಡಚು' ಎಂದರು.